ಸಿಂಪಿ ಚಿಪ್ಪಿನ ಮರುಬಳಕೆ

ತಿಂದು ಬಿಟ್ಟ ಸಿಂಪಿ ಚಿಪ್ಪನ್ನು ಮತ್ತೆ ಅಳಿವೆಯ ನೀರಿಗಿಳಿಸಿ ಮರಿಸಿಂಪಿಗಳಿಗೆ ನೆಲೆ ಒದಗಿಸುವ ಕ್ರಮ. ಕನ್ನಡ ಬರಹಗಳಲ್ಲಿ ಇದರ ಚರಿತ್ರೆ ಹೆಸರಿನ ಗೊಂದಲದಿಂದಲೇ ಮಸುಕಾಗಿದೆ. ಬಂಡೆಗೆ ಅಂಟಿ ಬೆಳೆಯುವ ಸಿಂಪಿಯನ್ನೂ (ಉತ್ತರ ಕನ್ನಡದ ಕಲ್ಗ), ಕೆಸರಲ್ಲಿ ಹುದುಗಿರುವ ಬಳಚನ್ನೂ 'ಕಪ್ಪೆಚಿಪ್ಪು' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ರೂಢಿ. ಇಲ್ಲಿ ಆ ಭೇದವೇ ಮುಖ್ಯ. ಬಳಚಿಗೆ ಮೆತ್ತನೆಯ ನೆಲ ಸಾಕು. ಸಿಂಪಿಯ ಮರಿ ಮಾತ್ರ ಎರಡು ಮೂರು ವಾರ ನೀರಿನಲ್ಲಿ ತೇಲಿ, ಗಟ್ಟಿ ಆಸರೆ ಸಿಕ್ಕರೆ ಅಂಟಿಕೊಳ್ಳುತ್ತದೆ, ಸಿಗದಿದ್ದರೆ ಸಾಯುತ್ತದೆ. ಅದಕ್ಕೆ ಬಲು ಒಗ್ಗುವ ಆಸರೆ ಹಳೆಯ ಸಿಂಪಿಯ ಚಿಪ್ಪೇ.

ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು ಕರಾವಳಿಯ ಹಳೆಯ ಕಸುಬು. ಗೋಡೆಗೂ ವೀಳ್ಯದೆಲೆಗೂ ಆ ಸುಣ್ಣ ಸಂದಿತು. ಮುಂದೆ ಬಂದ ತಿರುವು ಕಡಿಮೆ ಚರ್ಚೆಯಾದದ್ದು, ಆದರೆ ದೊಡ್ಡದು. 1957ರ ಗಣಿ ಕಾಯಿದೆಯಡಿ 1958ರಲ್ಲಿ ಹೊರಟ ಅಧಿಸೂಚನೆ, ಕಟ್ಟಡದ ಸುಣ್ಣಕ್ಕಾಗಿ ಗೂಡಿನಲ್ಲಿ ಸುಡುವ ಚಿಪ್ಪನ್ನು ಉಪಖನಿಜಗಳ ಪಟ್ಟಿಗೆ ಸೇರಿಸಿತು. ಜೀವಿಯೊಂದು ಕಟ್ಟಿದ ಮನೆ ಹೀಗೆ ಜಲ್ಲಿ, ಮೊರಂಗಳ ಸಾಲಿಗೆ ಬಂತು. ಚಿಪ್ಪಿನ ಲೆಕ್ಕ ಮೀನುಗಾರಿಕೆಯ ಕಡತದಿಂದ ಗಣಿಯ ಕಡತಕ್ಕೆ ಜಾರಲು ಇದೂ ಒಂದು ಕಾರಣ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಎರಡು ಕಡತಗಳೂ ಎದುರುಬದುರಾದವು. ಇಳಿತದ ಹೊತ್ತಿಗೆ ಸೊಂಟದುದ್ದ ನೀರಿಗಿಳಿದು, ಕಾಲಿನಿಂದಲೇ ತಡವಿ ಬಳಚು ಆಯುವವರ ಅನ್ನ ಒಂದು ಕಡೆ. ಹೂಳಿನಡಿ ಕೂಡಿಬಿದ್ದ ಚಿಪ್ಪನ್ನು ಉದ್ಯಮಕ್ಕಾಗಿ ಅಗೆಯುವ ಗಣಿಗಾರಿಕೆ ಇನ್ನೊಂದು ಕಡೆ. ಭಾರತೀಯ ವಿಜ್ಞಾನ ಸಂಸ್ಥೆಯ 2008ರ ಅಧ್ಯಯನ, ಇಲ್ಲಿನ ಚಿಪ್ಪುಜೀವಿಗಳಿಂದ ವರ್ಷಕ್ಕೆ ಸುಮಾರು 5.8 ಕೋಟಿ ರೂಪಾಯಿ ಆದಾಯವಿದೆ, ಸುಮಾರು 2,300 ಜನ ಇದನ್ನು ನೆಚ್ಚಿದ್ದಾರೆ ಎಂದು ಅಂದಾಜಿಸಿತು. ಸತ್ತ ಚಿಪ್ಪು ಕಸವೋ, ಖನಿಜವೋ, ಮುಂದಿನ ಪೀಳಿಗೆಯ ನೆಲಗಟ್ಟೋ ಎಂಬ ಪ್ರಶ್ನೆಗೆ ಬೆಲೆ ಕಟ್ಟಿದ ಲೆಕ್ಕ ಅದು.

ದೇಶದಲ್ಲಿ ಚಿಪ್ಪನ್ನು ಆಸರೆಯಾಗಿಯೇ ಬಳಸಿದ್ದು ಸಿಂಪಿ ಸಾಕಣೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತೂತುಕುಡಿಯಲ್ಲಿ ಮೊದಲು ಸುಣ್ಣ ಬಳಿದ ಹೆಂಚುಗಳ ಮೇಲೆ ಮರಿ ಹಿಡಿಯಿತು. 1990ರ ದಶಕದಲ್ಲಿ ಕೇರಳದ ಅಷ್ಟಮುಡಿ ಹಿನ್ನೀರಿಗೆ ಬಂದದ್ದು ಇನ್ನೂ ಸರಳ ಉಪಾಯ: ಖಾಲಿ ಚಿಪ್ಪಿನ ನಡುವೆ ತೂತು ಕೊರೆದು, ಐದಾರನ್ನು ಅಂತರ ಬಿಟ್ಟು ನೈಲಾನ್ ಹಗ್ಗಕ್ಕೆ ಪೋಣಿಸಿ, ಕಂಬಗಳ ಚಪ್ಪರದಿಂದ ನೀರಿಗೆ ಇಳಿಬಿಡುವುದು. ಮರಿ ಕೂತಾಗ ಚಿಪ್ಪಿನ ಮೈಮೇಲೆ ಸಾಸಿವೆ ಚೆಲ್ಲಿದಂತೆ ಕಾಣುತ್ತದೆ; ತಿಂಗಳುಗಳಲ್ಲಿ ಮೂಲ ಚಿಪ್ಪು ಮುಚ್ಚಿಹೋಗಿ ಗೊಂಚಲಾಗುತ್ತದೆ. ಇಲ್ಲಿನ ಗುರಿ ಕೊಯ್ಲು, ಸಿಂಪಿಗಳು ಒಂದರ ಮೇಲೊಂದು ಅಂಟಿ ಬೆಳೆಯುವ ದಿಬ್ಬ ಕಟ್ಟುವುದಲ್ಲ. ಕೆಲಸ ಮಾಡುವ ತತ್ವ ಮಾತ್ರ ಒಂದೇ.

ದಿಬ್ಬಕ್ಕಾಗಿಯೇ ಚಿಪ್ಪು ಕೂಡಿಡುವ ವ್ಯವಸ್ಥೆ ಬೆಳೆದದ್ದು ಅಮೆರಿಕದಲ್ಲಿ. ದಕ್ಷಿಣ ಕೆರೊಲಿನಾ 2000ದ ಹೊತ್ತಿಗೆ ಇದನ್ನು ಆರಂಭಿಸಿತು. ನ್ಯೂಯಾರ್ಕಿನ 'ಬಿಲಿಯನ್ ಆಯ್‌ಸ್ಟರ್ ಪ್ರಾಜೆಕ್ಟ್' 2014ರದು. ಹೋಟೆಲುಗಳಿಂದ ತಂದ ಚಿಪ್ಪನ್ನು ರೋಗಾಣು ಸಾಯುವಂತೆ ತಿಂಗಳುಗಟ್ಟಲೆ ಬಿಸಿಲಿಗೆ ಹರವಿ, ಆಮೇಲೆ ನೀರಿಗಿಳಿಸುತ್ತಾರೆ.

ಭಾರತದ 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಕಾಂಡ್ಲಾ, ಹವಳ, ಕಡಲಹುಲ್ಲುಗಳನ್ನು ಸೂಕ್ಷ್ಮ ನೆಲೆಗಳೆಂದು ಹೆಸರಿಸಿತು. ಸಿಂಪಿ ದಿಬ್ಬದ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆದರೆ 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿತು.