ವಯಸ್ಸು, ರುಚಿ, ಬೆಲೆ: ಒಂದು ಐರಿಷ್ ವಿಸ್ಕಿಯ ಹಿನ್ನೆಲೆ

ಐರ್ಲೆಂಡಿನ ದಕ್ಷಿಣಕ್ಕಿರುವ ಕಾರ್ಕ್ ಕೌಂಟಿಯಲ್ಲಿ ಮಿಡಲ್‌ಟನ್ ಎಂಬ ಸಣ್ಣ ಊರಿದೆ. ಅಲ್ಲಿನ ಬಟ್ಟಿಮನೆಯು 2020ರಲ್ಲಿ, 1974ರಲ್ಲಿ ಇಳಿಸಿ ನಲವತ್ತೈದು ವರ್ಷ ಪೀಪಾಯಿಯಲ್ಲಿ ಕಾಪಾಡಿದ್ದ ವಿಸ್ಕಿಯೊಂದನ್ನು ಮಾರಾಟಕ್ಕಿಟ್ಟಿತು. ಒಂದು ಬಾಟಲಿಯ ಬೆಲೆ 35,000 ಯೂರೊ. ಇದು ರುಚಿಯ ಬೆಲೆಯೇ, ವಯಸ್ಸಿನ ಬೆಲೆಯೇ, ಇಲ್ಲವೇ ಇವೆರಡೂ ಅಲ್ಲದ ಬೇರೊಂದರ ಬೆಲೆಯೇ ಎಂಬ ಪ್ರಶ್ನೆಗೆ ನಾಲಗೆಯೊಂದೇ ಉತ್ತರ ಕೊಡಲಾರದು. ಆ ನಾಡಿನ ಚರಿತ್ರೆಯನ್ನೂ ಕೇಳಬೇಕಾಗುತ್ತದೆ.

ಮೊದಲು ನಾಲಗೆಯ ಮಾತು. ವಿಸ್ಕಿಯ ಪರೀಕ್ಷಕರು ಬಾಯಿ ಕಿರಿದಾದ, ಒಡಲು ಉಬ್ಬಿದ ಗಾಜಿನ ಲೋಟವನ್ನು ಬಳಸುತ್ತಾರೆ. ಪರಿಮಳವನ್ನು ಗ್ರಹಿಸಿ, ಒಂದು ಗುಟುಕನ್ನು ನಾಲಗೆಯ ಮೇಲೆ ನಿಲ್ಲಿಸಿ, ಆಮೇಲೆ ಕೆಲವು ಹನಿ ನೀರು ಬೆರೆಸಿ ಮತ್ತೆ ಮೂಸುತ್ತಾರೆ. ಹಳೆಯ ವಿಸ್ಕಿಯಲ್ಲಿ ಅವರು ಹುಡುಕುವುದು ಒಂದು ಸಮತೋಲವನ್ನು. ಓಕ್ ಮರವು ವೆನಿಲಾ, ತೆಂಗು, ಮಸಾಲೆಗಳ ಸುಳಿವನ್ನು ಕೊಡುತ್ತದೆ. ಅತಿಯಾದರೆ ಅದೇ ಮರ ಹೊತ್ತು ಮೀರಿ ಕುದಿಸಿದ ಚಹಾದಂತೆ ಒಗರನ್ನೂ ಕಹಿಯನ್ನೂ ಬಿಡುತ್ತದೆ. ಐರಿಷ್ ವಿಸ್ಕಿಯನ್ನು ಸಾಮಾನ್ಯವಾಗಿ ಮೂರು ಬಾರಿ ಬಟ್ಟಿಯಿಳಿಸುವುದರಿಂದ ಅದರ ಮೂಲದ್ರವ ಹಗುರವಾಗಿರುತ್ತದೆ. ಮರದ ದಬ್ಬಾಳಿಕೆಗೆ ಬೇಗ ಮಣಿಯುತ್ತದೆ. ನಾಲ್ಕು ದಶಕ ದಾಟಿಯೂ ಹಣ್ಣಿನ ಪರಿಮಳ ಮರದ ಒಗರಿನಡಿ ಮುಚ್ಚಿಹೋಗದೆ ಉಳಿದಿದ್ದರೆ ಅದು ನಿಜಕ್ಕೂ ಅಪರೂಪ. ಆದರೆ ವಯಸ್ಸು ಹೆಚ್ಚಿದಂತೆಲ್ಲ ರುಚಿಯೂ ಹೆಚ್ಚುತ್ತದೆಂಬ ನಿಯಮ ಇಲ್ಲ.

ಹಾಗಾದರೆ ವಯಸ್ಸು ಅಳೆಯುವುದೇನನ್ನು? ಚೀಟಿಯ ಮೇಲಿನ ಸಂಖ್ಯೆ ಪೀಪಾಯಿಯೊಳಗೆ ಕಳೆದ ಕಾಲವನ್ನು ಮಾತ್ರ ಹೇಳುತ್ತದೆ. ಬಾಟಲಿಗೆ ತುಂಬಿದ ಮೇಲೆ ವಿಸ್ಕಿ ದ್ರಾಕ್ಷಾರಸದಂತೆ ಮಾಗುವುದಿಲ್ಲ. ಕಾನೂನು ಕೇಳುವುದು ಕನಿಷ್ಠ ಮೂರು ವರ್ಷ. ಅದರಾಚೆಗಿನ ಪ್ರತಿ ವರ್ಷವೂ ನಷ್ಟದ ವರ್ಷವೇ. ಮರದ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೋಗುವ ಭಾಗವನ್ನು ‘ದೇವದೂತರ ಪಾಲು’ ಎಂದು ಕರೆಯುತ್ತಾರೆ. ಐರ್ಲೆಂಡಿನ ತಂಪಿನಲ್ಲಿ ಅದು ವರ್ಷಕ್ಕೆ ಸುಮಾರು 2 ಪ್ರತಿಶತ. ಆ ದರದಲ್ಲಿ ನಲವತ್ತೈದು ವರ್ಷಗಳ ಬಳಿಕ ಪೀಪಾಯಿಯಲ್ಲಿ ಉಳಿಯುವುದು ಸುಮಾರು 40 ಪ್ರತಿಶತ. ಜೊತೆಗೆ, ತೇವದ ಗೋದಾಮಿನಲ್ಲಿ ಮದ್ಯಸಾರದ ಪ್ರಮಾಣವೂ ಇಳಿಯುತ್ತ ಬರುತ್ತದೆ. ಅದು 40 ಪ್ರತಿಶತಕ್ಕಿಂತ ಕೆಳಗಿಳಿದರೆ ಆ ದ್ರವವನ್ನು ವಿಸ್ಕಿಯೆಂದು ಮಾರುವಂತಿಲ್ಲ.

ಈ ಲೆಕ್ಕವನ್ನು ನಮ್ಮ ಬೆಂಗಳೂರಿಗೆ ತಂದು ನೋಡೋಣ. 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದ ಅಮೃತ್ ಸಂಸ್ಥೆಯ ಪೀಪಾಯಿಗಳಿಂದ ವರ್ಷಕ್ಕೆ 10ರಿಂದ 12 ಪ್ರತಿಶತ ಆವಿಯಾಗುತ್ತದೆ. ಎಂಟು ವರ್ಷ ಮಾಗಿದ ತಮ್ಮ ವಿಸ್ಕಿಯೊಂದಕ್ಕೆ ಅವರು ‘ಗ್ರೀಡಿ ಏಂಜೆಲ್ಸ್’, ಅಂದರೆ ದುರಾಸೆಯ ದೇವದೂತರು, ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ವರ್ಷಕ್ಕೆ 11 ಪ್ರತಿಶತ ಎಂದಿಟ್ಟುಕೊಂಡರೆ ಎಂಟು ವರ್ಷಗಳಲ್ಲಿ ಉಳಿಯುವುದು ಸುಮಾರು 40 ಪ್ರತಿಶತವೇ. ಮಿಡಲ್‌ಟನ್ನಿನಲ್ಲಿ ನಲವತ್ತೈದು ವರ್ಷ ತೆತ್ತ ಪಾಲನ್ನು ಬೆಂಗಳೂರಿನಲ್ಲಿ ಎಂಟೇ ವರ್ಷಕ್ಕೆ ತೆರಬೇಕು. ಇವೆರಡರ ರುಚಿ ಒಂದೇ ಎಂದಲ್ಲ. ವರ್ಷಗಳ ಸಂಖ್ಯೆ ಎಲ್ಲ ಹವೆಗೂ ಸಲ್ಲುವ ಅಳತೆಗೋಲಲ್ಲ ಎಂಬುದಷ್ಟೇ ಮಾತು.

ಹೀಗೆ ರುಚಿಯೂ ವಯಸ್ಸೂ ಆ ಬೆಲೆಯನ್ನು ಪೂರ್ತಿಯಾಗಿ ವಿವರಿಸಲಾರವು. ಉಳಿದದ್ದನ್ನು ವಿವರಿಸುವುದು ಒಂದು ಪತನದ ಕಥೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೊಳಕೆ ಬರಿಸಿದ ಬಾರ್ಲಿಗೆ ತೆರಿಗೆ ಬಿದ್ದಾಗ ಐರಿಷರು ಮೊಳಕೆ ಬರಿಸದ ಬಾರ್ಲಿಯನ್ನೂ ಬೆರೆಸಿದರು. ತೆರಿಗೆ ತಪ್ಪಿಸುವ ಆ ಉಪಾಯದಿಂದಲೇ ಅವರ ವಿಸ್ಕಿಯ ವಿಶಿಷ್ಟವಾದ ಜಿಡ್ಡು ಮತ್ತು ಮಸಾಲೆಯ ಗುಣ ರೂಪುಗೊಂಡಿತು. 1830ರಲ್ಲಿ ಈನಿಯಸ್ ಕಾಫಿ ಎಂಬ ಐರಿಷ್ ಮಾಜಿ ಅಬಕಾರಿ ಅಧಿಕಾರಿ, ಎಡೆಬಿಡದೆ ಬಟ್ಟಿಯಿಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಡಬ್ಲಿನ್ನಿನ ದೊಡ್ಡ ಮನೆತನಗಳು ಅದರಿಂದ ಬರುವುದು ವಿಸ್ಕಿಯೇ ಅಲ್ಲ ಎಂದು ತಿರಸ್ಕರಿಸಿದವು; ಸ್ಕಾಟ್ಲೆಂಡ್ ಸ್ವೀಕರಿಸಿತು. 1880ರ ದಶಕದಲ್ಲಿ ಆಲ್‌ಫ್ರೆಡ್ ಬರ್ನಾರ್ಡ್ ಸುತ್ತಾಡಿ ದಾಖಲಿಸಿದಾಗ ಐರ್ಲೆಂಡಿನಲ್ಲಿ 28 ಬಟ್ಟಿಮನೆಗಳಿದ್ದವು. ಮುಂದೆ ಅಮೆರಿಕದ ಪಾನನಿಷೇಧವೂ, 1930ರ ದಶಕದಲ್ಲಿ ಬ್ರಿಟನ್ನಿನೊಡನೆ ನಡೆದ ವ್ಯಾಪಾರ ಸಮರವೂ ಅವುಗಳ ಮಾರುಕಟ್ಟೆಯನ್ನು ಮುರಿದವು. 1966ರಲ್ಲಿ ಜೇಮ್ಸನ್, ಪವರ್ಸ್ ಮತ್ತು ಕಾರ್ಕ್‌ನ ಸಂಸ್ಥೆಗಳು ಒಂದಾಗಿ, ತಮ್ಮ ಉತ್ಪಾದನೆಯನ್ನೆಲ್ಲ ಮಿಡಲ್‌ಟನ್ನಿನ ಹೊಸ ಕಾರ್ಖಾನೆಗೆ ಸೇರಿಸಲು ತೀರ್ಮಾನಿಸಿದವು. 1825ರಿಂದ ನಡೆದುಬಂದ ಅಲ್ಲಿನ ಹಳೆಯ ಬಟ್ಟಿಮನೆ 1975ರ ಜುಲೈಯಲ್ಲಿ ಮೌನವಾಯಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಇಡೀ ದ್ವೀಪದಲ್ಲಿ ಕೆಲಸ ಮಾಡುತ್ತಿದ್ದವು ಎರಡೇ: ಮಿಡಲ್‌ಟನ್ ಮತ್ತು ಉತ್ತರದ ಬುಷ್‌ಮಿಲ್ಸ್.

1974ರಲ್ಲಿ, ಬಾಗಿಲು ಮುಚ್ಚಲು ಒಂದೇ ವರ್ಷವಿದ್ದಾಗ, ಹಿರಿಯ ಬಟ್ಟಿಗಾರ ಮ್ಯಾಕ್ಸ್ ಕ್ರಾಕೆಟ್ ಪೀಟ್ ಹೊಗೆಯ ಮಾಲ್ಟಿನಿಂದ, ಆ ಊರಿನ ರೂಢಿಗೆ ಹೊರತಾದ ಒಂದು ಪ್ರಯೋಗ ಮಾಡಿದರು. ಆ ವಿಸ್ಕಿಯೇ 2020ರಲ್ಲಿ ಹೊರಬಂದದ್ದು. ಕೊಳ್ಳುವವರೇ ಕಡಿಮೆಯಾಗಿದ್ದ ಕಾಲದ ದ್ರವ್ಯ ಅದು. ಅದನ್ನು ಇಳಿಸಿದ ಮನೆ ಇನ್ನೆಂದೂ ಇನ್ನೊಂದು ಹನಿಯನ್ನು ಇಳಿಸದು. ಒಮ್ಮೆಗೆ 1.4 ಲಕ್ಷ ಲೀಟರಿಗೂ ಹೆಚ್ಚು ಹಿಡಿಯುವ ಅಲ್ಲಿನ ಬೃಹತ್ ತಾಮ್ರದ ಹಂಡೆ ಈಗ ಪ್ರವಾಸಿಗರು ನೋಡಿಹೋಗುವ ವಸ್ತು. 35,000 ಯೂರೊದ ಬಹುಪಾಲು ಈ ಮುಗಿದುಹೋದುದರ ಬೆಲೆ.

ಹಾಗಾಗಿ ಪ್ರಾಮಾಣಿಕ ಪರೀಕ್ಷಕನು ಎರಡು ತೀರ್ಪುಗಳನ್ನು ಬೇರೆಬೇರೆಯಾಗಿ ಬರೆಯಬೇಕು. ಲೋಟದಲ್ಲಿ ಏನಿದೆ ಎಂಬುದು ಒಂದು, ಅದು ಎಷ್ಟು ವಿರಳ ಎಂಬುದು ಇನ್ನೊಂದು. ಬೆಲೆಯನ್ನು ಮೊದಲೇ ಕೇಳಿದವನಿಗೆ ಮರದ ಒಗರೂ ಗಾಂಭೀರ್ಯವಾಗಿ ತೋರುವ ಅಪಾಯವಿದೆ. ಪರಿಣತರು ಬಾಟಲಿಯನ್ನು ಮರೆಮಾಡಿ ರುಚಿ ನೋಡುವುದು ಅದಕ್ಕಾಗಿಯೇ. ಆದರೆ ಇತಿಹಾಸವನ್ನು ತಿಳಿದು ಕುಡಿಯುವುದೂ ತಪ್ಪಲ್ಲ. ಒಂದು ಊರಿನ ನೂರೈವತ್ತು ವರ್ಷಗಳ ದುಡಿಮೆಯ ಕೊನೆಯ ಹನಿ ಅದು. ಅದಕ್ಕೆ ಗೌರವ ಸಲ್ಲಬೇಕು. ಆ ಗೌರವವನ್ನು ರುಚಿಯೆಂದು ಕರೆಯಬಾರದು.