ಸತುವಿನ ಗುಳಿಗೆ ಮತ್ತು ವಾಕರಿಕೆ: ಪಾಮನಕಲ್ಲೂರು ಸೀಮೆಯ ಜೋಳದ ಊಟದ ಹಿನ್ನೆಲೆಯಲ್ಲಿ

ಭೇದಿ ಹತ್ತಿದ ಮಗುವಿಗೆ ಓಆರ್‌ಎಸ್ ಕುಡಿಸಬೇಕು, ಜೊತೆಗೆ ಹದಿನಾಲ್ಕು ದಿನ ಸತುವಿನ (ಜಿಂಕ್) ಗುಳಿಗೆ ಕೊಡಬೇಕು ಎಂಬುದು ಇಂದು ಪ್ರತಿ ಆಶಾ ಕಾರ್ಯಕರ್ತೆಗೂ ಬಾಯಿಪಾಠ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಜಂಟಿಯಾಗಿ ಹೊರಡಿಸಿದ ಸಲಹೆ ಇದರ ಮೂಲ: ಆರು ತಿಂಗಳು ಮೀರಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10 ಮಿಲಿಗ್ರಾಂ, 10ರಿಂದ 14 ದಿನ. 2014ರಿಂದ ನಡೆದುಬಂದ ತೀವ್ರ ಅತಿಸಾರ ನಿಯಂತ್ರಣ ಪಾಕ್ಷಿಕಗಳು ಈ ಗುಳಿಗೆಯನ್ನು ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳ ಹಳ್ಳಿಹಳ್ಳಿಗೂ ಮುಟ್ಟಿಸಿವೆ. ಆದರೆ ಗುಳಿಗೆ ಮನೆ ಮುಟ್ಟುವುದು ಬೇರೆ, ಮಗುವಿನ ಹೊಟ್ಟೆಯಲ್ಲಿ ನಿಲ್ಲುವುದು ಬೇರೆ. ಈ ಎರಡರ ನಡುವೆ ವಾಂತಿ ಇದೆ. ಕಾರ್ಯಕ್ರಮದ ಕೈಪಿಡಿಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಒಂದೇ ಸಾಲು: ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಗುಳಿಗೆ ಕೊಡಿ. ಆ ಒಂದು ಸಾಲು ಸಾಲದು ಎಂಬುದು ನನ್ನ ವಾದ. ಸತುವಿನಿಂದ ಬರುವ ವಾಕರಿಕೆಯನ್ನು ಅದರ ಪ್ರಮಾಣ ಮತ್ತು ನಮ್ಮ ಊಟ ಎರಡನ್ನೂ ಕೂಡಿಸಿ ನೋಡದ ಹೊರತು, ಜೋಳ ಉಣ್ಣುವ ಈ ಎರೆಭೂಮಿಯಲ್ಲಿ ಆ ಚಿಕಿತ್ಸೆಯ ಫಲ ಪೂರ್ತಿ ಸಿಗಲಾರದು.

ವಾಕರಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಸತುವಿನ ಲವಣ ಜಠರದ ಆಮ್ಲದಲ್ಲಿ ಕರಗಿದಾಗ ಬಿಡುಗಡೆಯಾಗುವ ಅಯಾನುಗಳು ಒಳಪೊರೆಯನ್ನು ಕೆರಳಿಸುತ್ತವೆ. ಆ ಕೆರಳಿಕೆಯ ಸುದ್ದಿಯನ್ನು ವೇಗಸ್ ನರ ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರಕ್ಕೆ ಒಯ್ಯುತ್ತದೆ. ಖಾಲಿ ಹೊಟ್ಟೆಯಲ್ಲಿ ಅಯಾನುಗಳ ಸಾಂದ್ರತೆ ಹೆಚ್ಚು, ಹಾಗಾಗಿ ಸಂಕಟವೂ ಹೆಚ್ಚು. ಜೊತೆಗೆ ನಾಲಿಗೆಯ ಮೇಲೆ ಉಳಿಯುವ ಒಗರು, ಲೋಹದ ರುಚಿ. ಮಕ್ಕಳಿಗೆಂದು ಮಾಡಿದ ಗುಳಿಗೆ ಚಮಚದಷ್ಟು ತಾಯಿಹಾಲಿನಲ್ಲೋ ನೀರಿನಲ್ಲೋ ಒಂದು ನಿಮಿಷದೊಳಗೆ ಬೆಳ್ಳಗೆ ಕರಗುತ್ತದೆ. ಮೊದಲು ಸಿಹಿ ತಾಗುತ್ತದೆ, ನುಂಗಿದ ಮೇಲೆ ಒಗರು ಏಳುತ್ತದೆ. ಮಾರನೆಯ ದಿನ ಅದೇ ಚಮಚ ಕಂಡರೆ ಮಗು ತುಟಿ ಬಿಗಿಹಿಡಿಯುವುದು ಇದಕ್ಕೇ.

ಇದು ಹೊಸದಾಗಿ ಕಂಡ ಸಂಗತಿಯೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ವೈದ್ಯರು ಸತುವಿನ ಸಲ್ಫೇಟನ್ನು ಬೇಕೆಂದೇ ವಾಂತಿ ಮಾಡಿಸಲು ಕೊಡುತ್ತಿದ್ದರು. ವಿಷ ಕುಡಿದವರಿಗೆ ಒಂದು ಗ್ರಾಂ ಆಸುಪಾಸಿನ ಪ್ರಮಾಣವನ್ನು ನೀರಿನಲ್ಲಿ ಕರಗಿಸಿ ಕುಡಿಸಿದರೆ ಕೆಲವೇ ನಿಮಿಷಗಳಲ್ಲಿ ವಾಂತಿಯಾಗುತ್ತಿತ್ತು. ಸತುವಿನ ಲೇಪವಿದ್ದ ಪಾತ್ರೆಗಳಲ್ಲಿ ಹುಳಿ ಪದಾರ್ಥ ಇಟ್ಟು ಉಂಡವರು ಸಾಮೂಹಿಕವಾಗಿ ವಾಂತಿ ಮಾಡಿಕೊಂಡ ಪ್ರಕರಣಗಳು ಕ್ಯಾಲಿಫೋರ್ನಿಯಾದಿಂದ 1964ರಲ್ಲಿ ವರದಿಯಾಗಿವೆ. ನಮ್ಮಲ್ಲೂ ತಗಡಿನ ಬಕೆಟ್ಟಿನಲ್ಲಿ ಮಜ್ಜಿಗೆ, ಹುಣಸೆ ರಸ ಇಡಬಾರದು ಎನ್ನುವುದಕ್ಕೆ ಇದೇ ರಸಾಯನ ಕಾರಣ.

ಇಲ್ಲೊಂದು ಲೆಕ್ಕ ಹಾಕಬೇಕು. ಏಳು ನೀರಿನ ಅಣುಗಳಿರುವ ಸತುವಿನ ಸಲ್ಫೇಟಿನಲ್ಲಿ ಸತು ಇರುವುದು ನೂರಕ್ಕೆ 23ರಷ್ಟು. ಅಂದರೆ ವಾಂತಿ ಮಾಡಿಸುವ ಒಂದು ಗ್ರಾಂನಲ್ಲಿ ಸುಮಾರು 230 ಮಿಲಿಗ್ರಾಂ ಸತು. 55 ಕಿಲೊ ತೂಕದ ವಯಸ್ಕರಿಗೆ ಅದು ಕಿಲೊಗೆ ಸುಮಾರು 4 ಮಿಲಿಗ್ರಾಂ ಆಯಿತು. 10 ಕಿಲೊ ತೂಗುವ ಮಗುವಿಗೆ 20 ಮಿಲಿಗ್ರಾಂ ಕೊಟ್ಟರೆ ಕಿಲೊಗೆ 2 ಮಿಲಿಗ್ರಾಂ. ಜಠರದ ಕೆರಳಿಕೆಯನ್ನು ತೂಕದ ಲೆಕ್ಕದಲ್ಲಷ್ಟೇ ಅಳೆಯಲಾಗದು, ಒಪ್ಪುತ್ತೇನೆ. ಆದರೂ ವಾಂತಿ ಮಾಡಿಸುವ ಔಷಧಕ್ಕೂ ಭೇದಿ ನಿಲ್ಲಿಸುವ ಔಷಧಕ್ಕೂ ನಡುವಿನ ಅಂತರ ಇಮ್ಮಡಿಯ ಆಜುಬಾಜು ಎಂದಾಗ ಮಗು ಕಾರಿಕೊಂಡರೆ ಅಚ್ಚರಿಪಡಲು ಏನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಸತು 3.3 ಮಿಲಿಗ್ರಾಂ. ಗುಳಿಗೆಯಲ್ಲಿರುವುದು ಅದರ ಆರು ಪಟ್ಟು.

ಹಾಗಿದ್ದರೂ ಸತು ಕೊಡುವುದು ಯಾಕೆ? ಕೊಟ್ಟರೆ ಫಲವಿದೆ ಎಂಬುದಕ್ಕೆ ಗಟ್ಟಿಯಾದ ಆಧಾರ ನಮ್ಮ ದೇಶದಿಂದಲೇ ಬಂತು. ಸುನಿಲ್ ಸಜವಾಲ್ ಮತ್ತು ಸಂಗಡಿಗರು ದೆಹಲಿಯ 937 ಮಕ್ಕಳ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತು ಪಡೆದವರಲ್ಲಿ ಭೇದಿ ಮುಂದುವರಿಯುವ ಸಾಧ್ಯತೆ ನೂರಕ್ಕೆ 23ರಷ್ಟು ತಗ್ಗಿತ್ತು. ಭೇದಿಯಲ್ಲಿ ಸತು ಮಲದೊಡನೆ ಹರಿದುಹೋಗುತ್ತದೆ. ಕರುಳಿನ ಒಳಪೊರೆ ದುರಸ್ತಿಯಾಗಲು, ನೀರು ಸೋರಿಹೋಗುವುದನ್ನು ತಡೆಯಲು ಅದೇ ಸತು ಬೇಕು. ಮನುಷ್ಯರಲ್ಲಿ ಸತುವಿನ ಕೊರತೆ ಎಂಬುದೊಂದು ಇದೆ ಎಂದು 1960ರ ದಶಕದ ಆರಂಭದಲ್ಲಿ ಜಗತ್ತಿಗೆ ತೋರಿಸಿಕೊಟ್ಟವರೂ ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. ಇರಾನಿನ ಶಿರಾಜ್‌ನಲ್ಲಿ ಬೆಳವಣಿಗೆ ಕುಂಠಿತವಾದ ಯುವಕರನ್ನು ಅವರು ಕಂಡರು. ಆ ಯುವಕರು ಉಣ್ಣುತ್ತಿದ್ದುದು ಹುದುಗಿಸದ ಗೋಧಿ ರೊಟ್ಟಿ. ಈ ಮಾತು ನಮಗೆ ಮುಂದೆ ಬೇಕಾಗುತ್ತದೆ.

ಫಲದ ಜೊತೆಗೇ ತೊಂದರೆಯೂ ಅಂಕಿಗಳಲ್ಲಿ ಕಾಣುತ್ತದೆ. ಲಜ್ಜೆರಿನಿ ಮತ್ತು ವಾಂಜಿರಾ 2016ರಲ್ಲಿ 33 ಪ್ರಯೋಗಗಳ 10,841 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯಲ್ಲಿ, ಆರು ತಿಂಗಳು ದಾಟಿದ ಮಕ್ಕಳಲ್ಲಿ ಭೇದಿಯ ಅವಧಿ ಸುಮಾರು ಅರ್ಧ ದಿನ ಕಡಿಮೆಯಾಗಿತ್ತು, ಅಪೌಷ್ಟಿಕತೆಯ ಲಕ್ಷಣವಿದ್ದವರಲ್ಲಿ ಒಂದು ದಿನಕ್ಕೂ ಹೆಚ್ಚು. ಅದೇ ಹೊತ್ತಿಗೆ ವಾಂತಿಯ ಸಾಧ್ಯತೆ ಒಂದೂವರೆ ಪಟ್ಟು ಏರಿತ್ತು. ಇದಾದ ಮೇಲೆ ಧಿಂಗ್ರಾ ಮತ್ತು ಸಂಗಡಿಗರು ಭಾರತ ಹಾಗೂ ತಾಂಜಾನಿಯಾದಲ್ಲಿ 4,500 ಮಕ್ಕಳಿಗೆ 20, 10, 5 ಮಿಲಿಗ್ರಾಂ ಎಂದು ಮೂರು ಪ್ರಮಾಣಗಳನ್ನು ಕೊಟ್ಟು ನೋಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಭೇದಿ ಐದು ದಿನ ಮೀರಿದ ಮಕ್ಕಳ ಪಾಲು ಕ್ರಮವಾಗಿ ನೂರಕ್ಕೆ 6.5, 7.7 ಮತ್ತು 7.2. ಕಡಿಮೆ ಪ್ರಮಾಣ ಕಡಿಮೆ ಫಲದ್ದೇನೂ ಆಗಿರಲಿಲ್ಲ. ಗುಳಿಗೆ ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿ ಮಾಡಿಕೊಂಡವರು ಮಾತ್ರ 20 ಮಿಲಿಗ್ರಾಂ ಗುಂಪಿನಲ್ಲಿ ನೂರಕ್ಕೆ 19.3, 10ರಲ್ಲಿ 15.6, 5ರಲ್ಲಿ 13.7. ಈ ಅಂಕಿಗಳನ್ನು ನಾನು ಹೀಗೆ ಓದುತ್ತೇನೆ: 5 ಮಿಲಿಗ್ರಾಂನಲ್ಲೂ ಕಂಡ ಸುಮಾರು 14ರಲ್ಲಿ ಹೆಚ್ಚಿನ ಪಾಲು ಕಾಯಿಲೆಯದೇ ವಾಂತಿ ಇರಬೇಕು. ಅದರ ಮೇಲೆ ಏರಿದ್ದು ಔಷಧದ್ದು. ನೂರು ಮಕ್ಕಳಲ್ಲಿ ಐದಾರು ಮಕ್ಕಳಿಗೆ, ಬೇಕಿಲ್ಲದ ಹೆಚ್ಚುವರಿ ಮಿಲಿಗ್ರಾಂಗಳಿಂದ ನಾವೇ ವಾಂತಿ ತರಿಸುತ್ತಿದ್ದೇವೆ.

ಐದಾರು ಎಂಬುದು ಸಂಶೋಧನಾ ತಂಡಕ್ಕೆ ಸಣ್ಣ ಸಂಖ್ಯೆ ಎನಿಸಬಹುದು. ಹಳ್ಳಿಯ ಮನೆಯಲ್ಲಿ ಅದರ ತೂಕವೇ ಬೇರೆ. ಭೇದಿ ಮೂರನೆಯ ದಿನಕ್ಕೆ ತಗ್ಗುತ್ತದೆ. ಬಳಿಕವೂ ಹತ್ತು ದಿನ ಗುಳಿಗೆ ಕೊಡಬೇಕೆಂದರೆ ತಾಯಿಗೆ ಅದರ ಕಾರಣ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಗುಳಿಗೆ ಕುಡಿಸಿದೊಡನೆ ಕೂಸು ಕಾರಿಕೊಳ್ಳುವುದು. ‘ಹೊಟ್ಟಿ ತೊಳಸ್ತದ, ಈ ಗುಳಿಗಿ ಒಗ್ಗಂಗಿಲ್ಲ’ ಎಂದು ಪಟ್ಟಿ ಗೂಡಿನಲ್ಲಿ ಉಳಿದರೆ, ತಪ್ಪು ತಾಯಿಯದಲ್ಲ. ಆಕೆ ಕಣ್ಣಾರೆ ಕಂಡದ್ದನ್ನು ನಂಬಿದ್ದಾಳೆ, ಕಂಡದ್ದು ನಿಜವೂ ಹೌದು.

ಇನ್ನು ಊಟದ ಮಾತು. ವಾಕರಿಕೆ ಆಗದಿರಲು ಊಟದ ಜೊತೆ ತೆಗೆದುಕೊಳ್ಳಿ ಎಂದು ದೊಡ್ಡವರಿಗೂ ಮಕ್ಕಳಿಗೂ ಹೇಳುವುದು ವಾಡಿಕೆ. ಸಲಹೆ ಸರಿಯೇ. ಆದರೆ ಯಾವ ಊಟ? ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು ಸೀಮೆ ಭತ್ತದ ನಾಡಾಗಿದೆ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ಸುತ್ತಲಿನ ಊರುಗಳು ಹಾಗಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದು, 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ವಿಷಯವಾದದ್ದು ಈ ಭಾಗದವರಿಗೆಲ್ಲ ನೆನಪಿದೆ. ಮಳೆ ನಂಬಿದ ಈ ಎರೆಹೊಲಗಳಲ್ಲಿ ಬೆಳೆಯುವುದು ಹಿಂಗಾರಿ ಜೋಳ, ತೊಗರಿ, ಕಡಲೆ, ಹತ್ತಿ. ಊಟವೆಂದರೆ ಜೋಳದ ರೊಟ್ಟಿ, ಬ್ಯಾಳಿ, ಶೇಂಗಾ ಹಿಂಡಿ.

ನೂರು ಗ್ರಾಂ ಜೋಳದಲ್ಲಿ ಸುಮಾರು 2 ಮಿಲಿಗ್ರಾಂ ಸತು ಇದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಹೆಚ್ಚೇ. ಆದರೆ ಜೋಳದಲ್ಲಿ, ಬೇಳೆಯಲ್ಲಿ, ಶೇಂಗಾದಲ್ಲಿ ಫೈಟೇಟ್ ಕೂಡ ಹೇರಳ. ಅದು ಸತುವನ್ನು ಕರುಳಿನಲ್ಲಿ ಕಟ್ಟಿಹಾಕಿ ಮಲದೊಡನೆ ಸಾಗಹಾಕುತ್ತದೆ. ಫೈಟೇಟ್ ಮತ್ತು ಸತುವಿನ ಮೋಲಾರ್ ಅನುಪಾತ 15 ದಾಟಿದರೆ ಸತು ಹೀರಿಕೆ ಗಣನೀಯವಾಗಿ ಕುಗ್ಗುತ್ತದೆ ಎಂಬುದು ಪೋಷಣಾ ವಿಜ್ಞಾನದಲ್ಲಿ ರೂಢವಾದ ಅಳತೆ. ಇಡೀ ಜೋಳದ ಹಿಟ್ಟು ಸಾಮಾನ್ಯವಾಗಿ ಈ ಗೆರೆಯ ಆಚೆಗೇ ಇರುತ್ತದೆ. ಫೈಟೇಟನ್ನು ಒಡೆಯುವ ಫೈಟೇಸ್ ಎಂಬ ಕಿಣ್ವ ಕಾಳಿನಲ್ಲೇ ಇದೆ. ಆದರೆ ರೊಟ್ಟಿಯ ಹಿಟ್ಟನ್ನು ನಾವು ಕುದಿಯುವ ಎಸರು ಹೊಯ್ದು ನಾದುತ್ತೇವೆ, ಕೂಡಲೇ ಬಡಿದು ಹೆಂಚಿಗೆ ಹಾಕುತ್ತೇವೆ. ಕಿಣ್ವಕ್ಕೆ ಕೆಲಸ ಮಾಡಲು ಹೊತ್ತೂ ಇಲ್ಲ, ಹದವೂ ಇಲ್ಲ. ಶಿರಾಜ್‌ನ ಹುದುಗಿಸದ ರೊಟ್ಟಿಗೂ ಇದಕ್ಕೂ ಇರುವ ನಂಟು ಇಲ್ಲಿದೆ. ಹೀಗಾಗಿ ನಮ್ಮ ತಾಯಂದಿರು ಇಕ್ಕಟ್ಟಿಗೆ ಸಿಕ್ಕಿದ್ದಾರೆ: ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ, ರೊಟ್ಟಿ ಬ್ಯಾಳಿಯ ಜೊತೆ ಕೊಟ್ಟರೆ ಸತು ಪೋಲು.

ಈ ಇಕ್ಕಟ್ಟಿನ ಬೇರು ಮಣ್ಣಿನಲ್ಲೂ ಇದೆ. ಸುಣ್ಣದಂಶ ಹೆಚ್ಚಿರುವ, ಕ್ಷಾರೀಯವಾದ ಎರೆಮಣ್ಣಿನಲ್ಲಿ ಸತು ಬೇರಿಗೆ ಸಿಗದಂತೆ ಬಿಗಿದುಕೊಳ್ಳುತ್ತದೆ, ಹಾಗಾಗಿ ಕಾಳಿಗೂ ಕಡಿಮೆ ಸೇರುತ್ತದೆ. ಭತ್ತದಲ್ಲಿ ಎಲೆಗೆ ತುಕ್ಕುಬಣ್ಣದ ಚುಕ್ಕೆ ಬರಿಸುವ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ವೈ. ಎಲ್. ನೆನೆ ಪಂತನಗರದಲ್ಲಿ 1966ರಲ್ಲಿ ತೋರಿಸಿದರು. 2009ರಲ್ಲಿ ಕರ್ನಾಟಕ ಸರ್ಕಾರವು ಇಕ್ರಿಸ್ಯಾಟ್ ಜೊತೆ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಮಳೆಯಾಶ್ರಿತ ಹೊಲಗಳಲ್ಲಿ ಸತುವಿನ ಕೊರತೆ ಎಷ್ಟು ವ್ಯಾಪಕವೆಂದು ಬಯಲಿಗೆ ತಂದವು. ಸಿಂಧನೂರಿನ ಗೊಬ್ಬರದ ಅಂಗಡಿಯಲ್ಲಿ ‘ಜಿಂಕ್’ ಎಂದು ಕೇಳಿದರೆ ಕೊಡುವ ಚೀಲದ ಮೇಲೆ 21 ಅಥವಾ 33 ಪ್ರತಿಶತ ಎಂದು ಅಚ್ಚಾಗಿರುತ್ತದೆ. ಅದೂ ಸತುವಿನ ಸಲ್ಫೇಟೇ, ಮಗುವಿನ ಗುಳಿಗೆಯಲ್ಲಿರುವುದೂ ಅದೇ. ಆದರೆ ಗೊಬ್ಬರದ ದರ್ಜೆಯದರಲ್ಲಿ ಬೇರೆ ಲೋಹಗಳ ಕಲ್ಮಷ ಇರಬಹುದು. ಅದನ್ನು ಬಾಯಿಗೆ ಹಾಕುವ ಮಾತೇ ಇಲ್ಲ. ಇಲಿ ಪಾಷಾಣವಾದ ಜಿಂಕ್ ಫಾಸ್ಫೈಡ್ ಅಂತೂ ಪ್ರಾಣವನ್ನೇ ತೆಗೆಯುವ ವಿಷ. ಒಂದೇ ಹೆಸರಿನ ಮೂರು ವಸ್ತುಗಳು ಒಂದೇ ಮನೆಯ ಗೂಡಿನಲ್ಲಿ ಕೂರುವ ಊರುಗಳಿವು, ಆದ್ದರಿಂದ ಇಷ್ಟು ಹೇಳಲೇಬೇಕು.

ದೊಡ್ಡವರ ವಿಚಾರ ಬೇಗ ಮುಗಿಯುತ್ತದೆ. ಕೋವಿಡ್ ಕಾಲದಲ್ಲಿ 50 ಮಿಲಿಗ್ರಾಂ ಸತುವಿನ ಗುಳಿಗೆ ನುಂಗಿ ಹೊಟ್ಟೆ ತೊಳಸಿಕೊಂಡವರು ಬಹಳ. ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲ್ಮಿತಿ. ಅಮೆರಿಕದಲ್ಲಿ 214 ರೋಗಿಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 50 ಮಿಲಿಗ್ರಾಂನಿಂದ ಕೋವಿಡ್ ಲಕ್ಷಣಗಳು ಬೇಗ ಇಳಿಯಲಿಲ್ಲ. ಹೆಚ್ಚು ಪ್ರಮಾಣವನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ. ಗರ್ಭಿಣಿಯರು ಕಬ್ಬಿಣದ ಕೆಂಪು ಗುಳಿಗೆಯನ್ನೂ ಸತುವಿನ ಗುಳಿಗೆಯನ್ನೂ ಒಟ್ಟಿಗೆ ಖಾಲಿ ಹೊಟ್ಟೆಗೆ ನುಂಗಿದರೆ ಎರಡೂ ವಾಕರಿಕೆ ತರುತ್ತವೆ, ಹೀರಿಕೆಯಲ್ಲಿಯೂ ಪೈಪೋಟಿಗೆ ಬೀಳುತ್ತವೆ. ಒಂದನ್ನು ಬೆಳಗ್ಗೆ, ಒಂದನ್ನು ರಾತ್ರಿ ಎಂದು ಬೇರ್ಪಡಿಸಿದರೆ ತೊಂದರೆ ತಗ್ಗುತ್ತದೆ.

ಮಕ್ಕಳ ಇಕ್ಕಟ್ಟಿಗೆ ಪರಿಹಾರ ಈ ಸೀಮೆಯ ಅಡುಗೆಮನೆಯಲ್ಲೇ ಇದೆ ಎಂದು ನನಗೆ ತೋರುತ್ತದೆ. ಹಿಟ್ಟನ್ನು ಹುಳಿಯಿಟ್ಟು ಕಾಸಿದ ಅಂಬಲಿಯಲ್ಲಿ ಹುದುಗುವಿಕೆ ಫೈಟೇಟಿನ ಒಂದು ಪಾಲನ್ನು ಒಡೆದಿರುತ್ತದೆ. ತೆಳ್ಳಗಿನ ಅಕ್ಕಿಗಂಜಿಯಲ್ಲಿ ಫೈಟೇಟ್ ಮೊದಲೇ ಕಡಿಮೆ. ಮೊಳಕೆ ಬರಿಸಿದ ಕಾಳಿನಲ್ಲೂ ಕಿಣ್ವ ಎಚ್ಚೆತ್ತಿರುತ್ತದೆ. ಭೇದಿಯ ಮಗುವಿಗೆ ನಮ್ಮ ಅಜ್ಜಿಯರು ರೊಟ್ಟಿ ಬಿಡಿಸಿ ಅಂಬಲಿ, ಗಂಜಿ ಕುಡಿಸುತ್ತಿದ್ದುದು ಹೊಟ್ಟೆಗೆ ಹಗುರ ಎಂದು. ಸತುವಿನ ಗುಳಿಗೆಗೂ ಅದೇ ತಕ್ಕ ಜೊತೆ. ಎರಡು ಗುಟುಕು ಗಂಜಿಯಾದ ಮೇಲೆ ಚಮಚದಲ್ಲಿ ಕರಗಿಸಿದ ಗುಳಿಗೆ, ಮೇಲೊಂದು ಗುಟುಕು ಗಂಜಿ. ರೊಟ್ಟಿ ಬ್ಯಾಳಿಯ ಊಟ ಅದಾಗಿ ಎರಡು ತಾಸಿಗೆ. ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲಿನಲ್ಲೇ ಕರಗಿಸಿದರೆ ಆಯಿತು. ಓಆರ್‌ಎಸ್ ಮಾತ್ರ ಯಾವ ಕಾರಣಕ್ಕೂ ನಿಲ್ಲಬಾರದು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕುಡಿಸಬೇಕು.

ಪ್ರಮಾಣದ ಪ್ರಶ್ನೆ ರಾಜ್ಯದ ಆರೋಗ್ಯ ಇಲಾಖೆ ಕೈಗೆತ್ತಿಕೊಳ್ಳಬೇಕಾದದ್ದು. ತಾಯಂದಿರು ತಾವಾಗಿಯೇ ಗುಳಿಗೆ ಮುರಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆರು ತಿಂಗಳೊಳಗಿನ ಕೂಸುಗಳಿಗೆ ಅರ್ಧ ಗುಳಿಗೆ ಕೊಡುವುದು ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಗೊತ್ತಿರುವ ಕೆಲಸ. 10 ಮಿಲಿಗ್ರಾಂಗೆ ಇಳಿಯಲು ಹೊಸ ಔಷಧವನ್ನು ಖರೀದಿಸಬೇಕಾಗಿಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಇದರಿಂದ ಹೊರಗಿಟ್ಟು ಅವರ ಚಿಕಿತ್ಸೆಯನ್ನು ವೈದ್ಯರಿಗೇ ಬಿಡಬೇಕು, ಸತುವಿನ ಲಾಭ ಹೆಚ್ಚಾಗಿ ಕಂಡದ್ದು ಅಂಥವರಲ್ಲೇ. ಧಿಂಗ್ರಾ ತಂಡದ ಅಂಕಿಗಳು ಜೋಳ ಉಣ್ಣುವ ಮಕ್ಕಳಿಗೂ ಸಲ್ಲುತ್ತವೆಯೇ ಎಂಬುದನ್ನು ಪಾಮನಕಲ್ಲೂರಿನಂಥ ಮಳೆಯಾಶ್ರಿತ ಹೋಬಳಿ ಮತ್ತು ಸಿಂಧನೂರಿನ ಭತ್ತದ ಊರುಗಳನ್ನು ಜೊತೆಗಿಟ್ಟು ಪರೀಕ್ಷಿಸಬಹುದು: ಅರ್ಧ ಗುಳಿಗೆ ಮತ್ತು ಪೂರ್ಣ ಗುಳಿಗೆ, ಗಂಜಿಯೊಡನೆ ಮತ್ತು ಊಟದೊಡನೆ. ಅಳೆಯಬೇಕಾದದ್ದು ಭೇದಿಯ ದಿನಗಳನ್ನಷ್ಟೇ ಅಲ್ಲ, ಅರ್ಧ ಗಂಟೆಯೊಳಗಿನ ವಾಂತಿಯನ್ನು ಮತ್ತು ಹದಿನಾಲ್ಕನೆಯ ದಿನ ಪಟ್ಟಿಯಲ್ಲಿ ಉಳಿದ ಗುಳಿಗೆಗಳನ್ನು ಕೂಡ. ಸತು ಹೆಚ್ಚಿರುವ ಪರ್ಭಣಿ ಶಕ್ತಿ ಎಂಬ ಜೋಳದ ತಳಿ 2018ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾಗಿದೆ. ಅದರಲ್ಲಿ ಸತು ಕಿಲೊಗೆ 32 ಮಿಲಿಗ್ರಾಂ. ನಮ್ಮ ಎರೆಹೊಲಗಳಲ್ಲಿ ಅದು ಹೇಗೆ ಬರುತ್ತದೆ, ಆ ರೊಟ್ಟಿ ಉಂಡ ಮಕ್ಕಳ ರಕ್ತದಲ್ಲಿ ಸತು ಏರುತ್ತದೆಯೇ ಎಂಬುದನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ವೈದ್ಯಕೀಯ ಕಾಲೇಜೂ ಕೂಡಿ ನೋಡಬೇಕಾದ ಕೆಲಸ.