ಎರವಲು ಯೌವನ

ಮುಪ್ಪಿಗೆ ಅಂಜಿದ ತಂದೆ ಮಗನ ಯೌವನವನ್ನು ಕೇಳಿ ಪಡೆದ ಯಯಾತಿಯ ಕಥೆ ನಮಗೆಲ್ಲ ಗೊತ್ತಿರುವುದೇ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುದಿಯಾದ ಅರಸ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಬೇಡುತ್ತಾನೆ. ಉಳಿದವರು ಒಲ್ಲೆವೆಂದಾಗ ಒಪ್ಪುವವನು ಕಿರಿಯ ಮಗ ಪೂರು. 1961ರಲ್ಲಿ ಪ್ರಕಟವಾದ ‘ಯಯಾತಿ’ ನಾಟಕದಲ್ಲಿ ಗಿರೀಶ ಕಾರ್ನಾಡರು ಪೂರುವಿನ ಹೆಂಡತಿ ಚಿತ್ರಲೇಖೆಯನ್ನೂ ರಂಗಕ್ಕೆ ತಂದು, ಈ ಕೊಡುಕೊಳ್ಳುವಿಕೆಯ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಯನ್ನು ಮುಂದಿಟ್ಟರು. ಪುರಾಣದಲ್ಲಿ ವರ, ಶಾಪಗಳಿಂದ ನಡೆದದ್ದನ್ನು ಸೂಜಿ ಮತ್ತು ಕೊಳವೆಗಳಿಂದ ಸಾಧಿಸಲು ಹೊರಟವರು ಇಪ್ಪತ್ತನೆಯ ಶತಮಾನದಲ್ಲಿ ನಿಜವಾಗಿಯೂ ಇದ್ದರು. ಅವರಲ್ಲಿ ಪ್ರಮುಖನಾದವನು ರಷ್ಯದ ವೈದ್ಯ, ಕ್ರಾಂತಿಕಾರಿ ಮತ್ತು ಕಾದಂಬರಿಕಾರ ಅಲೆಕ್ಸಾಂಡರ್ ಬೊಗ್ದಾನೊವ್.

ತಂತ್ರಜ್ಞಾನದ ನೆರವಿನಿಂದ ಮನುಷ್ಯ ತನ್ನ ದೇಹ, ಬುದ್ಧಿ ಮತ್ತು ಆಯುಸ್ಸಿನ ಮಿತಿಗಳನ್ನು ಮೀರಬೇಕೆಂಬ ವಿಚಾರಧಾರೆಯನ್ನು ಇಂದು ‘ಟ್ರಾನ್ಸ್‌ಹ್ಯೂಮನಿಸಂ’ ಎನ್ನುತ್ತಾರೆ. ಬ್ರಿಟನ್ನಿನ ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ 1957ರಲ್ಲಿ ಈ ಹೆಸರಿನದೇ ಒಂದು ಪ್ರಬಂಧವನ್ನು ಪ್ರಕಟಿಸಿದ. ಆದರೆ ಹೆಸರು ಬರುವುದಕ್ಕೆ ಬಹಳ ಮೊದಲೇ ಈ ಹಂಬಲ ರಷ್ಯದಲ್ಲಿ ಬೇರುಬಿಟ್ಟಿತ್ತು. ಮಾಸ್ಕೋದ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ, 1903ರಲ್ಲಿ ತೀರಿಕೊಂಡ ನಿಕೊಲಾಯ್ ಫ್ಯೊದೊರೊವ್ ಎಂಬ ವಿರಾಗಿ, ಸಾವನ್ನು ಗೆಲ್ಲುವುದಷ್ಟೇ ಅಲ್ಲ, ಸತ್ತ ಪೂರ್ವಜರನ್ನೆಲ್ಲ ವಿಜ್ಞಾನದ ಬಲದಿಂದ ಮತ್ತೆ ಬದುಕಿಸುವುದೇ ಮನುಕುಲದ ಸಾಮಾನ್ಯ ಕರ್ತವ್ಯ ಎಂದು ವಾದಿಸಿದ್ದ. ಫ್ಯೊದೊರೊವ್ ದೇವರನ್ನು ನಂಬಿದವನು. ಬೊಗ್ದಾನೊವ್ ನಂಬದವನು. ಆದರೂ ಸಾವು ಕೈಕಟ್ಟಿ ಒಪ್ಪಿಕೊಳ್ಳಬೇಕಾದ ವಿಧಿಯಲ್ಲ, ಬಿಡಿಸಬೇಕಾದ ಸಮಸ್ಯೆ ಎನ್ನುವ ಧೈರ್ಯ ಇಬ್ಬರಲ್ಲೂ ಇತ್ತು.

ಬೊಗ್ದಾನೊವ್‌ನ ನಿಜವಾದ ಹೆಸರು ಅಲೆಕ್ಸಾಂಡರ್ ಮಲಿನೊವ್‌ಸ್ಕಿ. 1873ರಲ್ಲಿ ಹುಟ್ಟಿದ ಆತ 1899ರಲ್ಲಿ ವೈದ್ಯ ಪದವಿ ಪಡೆದ. ಬೊಲ್ಷೆವಿಕ್ ಬಣವನ್ನು ಕಟ್ಟಿದವರಲ್ಲಿ ಒಬ್ಬನಾಗಿ, ಒಂದು ಕಾಲಕ್ಕೆ ಲೆನಿನ್‌ಗೆ ಸರಿಸಮನಾದ ನಾಯಕನೆನಿಸಿದ್ದ. 1908ರಲ್ಲಿ ಇಟಲಿಯ ಕಾಪ್ರಿ ದ್ವೀಪದಲ್ಲಿ ಮ್ಯಾಕ್ಸಿಂ ಗೋರ್ಕಿಯ ಅತಿಥಿಗಳಾಗಿದ್ದ ಇವರಿಬ್ಬರೂ ಚದುರಂಗ ಆಡುತ್ತಿರುವ ಛಾಯಾಚಿತ್ರ ಪ್ರಸಿದ್ಧವಾಗಿದೆ. ಮರುವರ್ಷವೇ ಸ್ನೇಹ ಮುರಿಯಿತು. ಬೊಗ್ದಾನೊವ್‌ನ ತತ್ತ್ವಚಿಂತನೆಯನ್ನು ಖಂಡಿಸಲು ಲೆನಿನ್ ಒಂದು ಇಡೀ ಪುಸ್ತಕವನ್ನೇ ಬರೆದ. ಬಣದಿಂದ ಹೊರಬಿದ್ದ ಬೊಗ್ದಾನೊವ್ ಮತ್ತೆ ಅಧಿಕಾರ ರಾಜಕಾರಣದತ್ತ ತಿರುಗಲಿಲ್ಲ.

ಆತನ ಕನಸಿನ ನಕ್ಷೆ 1908ರಲ್ಲಿ ಬಂದ ‘ಕೆಂಪು ತಾರೆ’ ಎಂಬ ಕಾದಂಬರಿಯಲ್ಲಿದೆ. ರಷ್ಯದ ಕ್ರಾಂತಿಕಾರಿಯೊಬ್ಬ ಮಂಗಳ ಗ್ರಹಕ್ಕೆ ಹೋಗಿ, ಅಲ್ಲಿನ ಸಮತೆಯ ಸಮಾಜವನ್ನು ಕಾಣುತ್ತಾನೆ. ಆ ಜನ ದುಡಿಮೆಯನ್ನೂ ಸಂಪತ್ತನ್ನೂ ಮಾತ್ರವಲ್ಲ, ರಕ್ತವನ್ನೂ ಪರಸ್ಪರ ಹಂಚಿಕೊಂಡು ಬಹುಕಾಲ ಗಟ್ಟಿಮುಟ್ಟಾಗಿ ಬಾಳುತ್ತಾರೆ. ಒಬ್ಬನ ದೇಹದಲ್ಲಿ ಇಲ್ಲದ್ದು ಇನ್ನೊಬ್ಬನ ದೇಹದಲ್ಲಿರುತ್ತದೆ. ಇಬ್ಬರೂ ರಕ್ತ ಬದಲಿಸಿಕೊಂಡರೆ ಇಬ್ಬರೂ ಬಲಗೊಳ್ಳುತ್ತಾರೆ ಎಂಬುದು ಬೊಗ್ದಾನೊವ್‌ನ ಸಿದ್ಧಾಂತ. ಯಯಾತಿಗೂ ಇವನಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಯಯಾತಿ ಯೌವನವನ್ನು ಪಡೆದು ಮುಪ್ಪನ್ನು ದಾಟಿಸಿದ. ಬೊಗ್ದಾನೊವ್ ಹೇಳಿದ್ದು, ಎಳೆಯರ ಹುರುಪು ಹಿರಿಯರಿಗೆ ಬರುವಂತೆ ಹಿರಿಯರು ಬಾಳಿನಲ್ಲಿ ಗಳಿಸಿದ ರೋಗನಿರೋಧಕ ಶಕ್ತಿ ಎಳೆಯರಿಗೂ ಹೋಗಬೇಕು ಎಂದು.

ಕಾದಂಬರಿ ಬಂದಾಗ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವುದು ವೈದ್ಯಲೋಕದಲ್ಲಿ ಇನ್ನೂ ಅಪಾಯದ ಸಾಹಸವೇ ಆಗಿತ್ತು. 1667ರಲ್ಲಿ ಫ್ರಾನ್ಸಿನ ಝಾನ್ ಬಾಪ್ಟಿಸ್ಟ್ ಡೆನಿ ಕುರಿಮರಿಯ ರಕ್ತವನ್ನು ಹುಡುಗನೊಬ್ಬನಿಗೆ ಕೊಟ್ಟಿದ್ದ. 1818ರಲ್ಲಿ ಲಂಡನ್ನಿನ ಹೆರಿಗೆ ವೈದ್ಯ ಜೇಮ್ಸ್ ಬ್ಲಂಡೆಲ್ ಮನುಷ್ಯನಿಗೆ ಮನುಷ್ಯನ ರಕ್ತವನ್ನೇ ಕೊಡಲಾರಂಭಿಸಿದ. ಕೆಲವರು ಬದುಕಿದರು, ಹಲವರು ಸತ್ತರು. ಏಕೆಂಬುದು ತಿಳಿಯುತ್ತಿರಲಿಲ್ಲ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದ ಮೇಲೆ ಕಾರಣ ಸ್ಪಷ್ಟವಾಯಿತು. ಮೊದಲನೆಯ ಮಹಾಯುದ್ಧದ ಹೊತ್ತಿಗೆ, ಸಿಟ್ರೇಟ್ ಬೆರೆಸಿದರೆ ತೆಗೆದ ರಕ್ತ ಹೆಪ್ಪುಗಟ್ಟುವುದಿಲ್ಲವೆಂದೂ ಗೊತ್ತಾಯಿತು. ಆ ಯುದ್ಧದಲ್ಲಿ ಸೇನಾ ವೈದ್ಯನಾಗಿದ್ದ ಬೊಗ್ದಾನೊವ್‌ಗೆ ತನ್ನ ಮಂಗಳ ಗ್ರಹ ಇಷ್ಟು ಬೇಗ ಭೂಮಿಗೆ ಹತ್ತಿರವಾಗುತ್ತಿರುವುದು ಕಂಡಿರಬೇಕು.

1924ರಲ್ಲಿ ಮಾಸ್ಕೋದಲ್ಲಿ ಕೆಲವೇ ಆಪ್ತರೊಂದಿಗೆ ಆತ ಪ್ರಯೋಗ ಆರಂಭಿಸಿದ. ಪ್ರಯೋಗಕ್ಕೆ ಮೊದಲು ತೋಳು ಚಾಚಿದವರಲ್ಲಿ ತಾನೂ ಒಬ್ಬ. ವಿದ್ಯಾರ್ಥಿಗಳೊಂದಿಗೆ ರಕ್ತ ಬದಲಿಸಿಕೊಂಡ ಮೇಲೆ ತನ್ನ ದೃಷ್ಟಿ ಸುಧಾರಿಸಿದೆ, ಕೂದಲು ಉದುರುವುದು ನಿಂತಿದೆ ಎಂದು ದಾಖಲಿಸಿದ. ಇಂಥ ಅನುಭವಗಳಲ್ಲಿ ನಂಬಿಕೆಯ ಪಾಲು ಎಷ್ಟು, ರಕ್ತದ ಪಾಲು ಎಷ್ಟು ಎಂದು ಬೇರ್ಪಡಿಸಿ ನೋಡುವ ಕ್ರಮ ಆ ಪ್ರಯೋಗಗಳಲ್ಲಿ ಇರಲಿಲ್ಲ. ಆದರೂ ದುಡಿದು ಬಳಲಿದ್ದ ಸೋವಿಯತ್ ನಾಯಕವರ್ಗಕ್ಕೆ ಈ ಮಾತು ರುಚಿಸಿತು. 1926ರಲ್ಲಿ ಸ್ಟಾಲಿನ್‌ನ ಬೆಂಬಲದಿಂದ ಮಾಸ್ಕೋದಲ್ಲಿ ರಕ್ತ ವರ್ಗಾವಣೆಗೆಂದೇ ಒಂದು ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಬೊಗ್ದಾನೊವ್ ಅದರ ನಿರ್ದೇಶಕನಾದ.

1928ರ ಮಾರ್ಚ್ 24ರಂದು ಆತ 21 ವರ್ಷದ ವಿದ್ಯಾರ್ಥಿಯೊಬ್ಬನೊಂದಿಗೆ ರಕ್ತ ಬದಲಿಸಿಕೊಂಡ. ಹುಡುಗನಿಗೆ ಕ್ಷಯ ತಗುಲಿತ್ತು. ತನಗೆ ಆ ರೋಗವನ್ನು ತಡೆಯುವ ಶಕ್ತಿ ಇದೆ, ಅದು ರಕ್ತದೊಡನೆ ಹುಡುಗನಿಗೂ ಹೋದೀತು ಎಂದು ಬೊಗ್ದಾನೊವ್ ನಂಬಿದ್ದ. ಕೆಲವೇ ಗಂಟೆಗಳಲ್ಲಿ ಇಬ್ಬರಿಗೂ ಜ್ವರ ಏರಿತು. ಹುಡುಗ ಚೇತರಿಸಿಕೊಂಡ. ಬೊಗ್ದಾನೊವ್‌ನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಎರಡು ವಾರ ನರಳಿ ಏಪ್ರಿಲ್ 7ರಂದು ಆತ ತೀರಿಕೊಂಡ. ಆಗ ವಯಸ್ಸು 54. ಇದು ಆತ್ಮಹತ್ಯೆ ಎಂದು ಅನುಮಾನಿಸಿದವರೂ ಇದ್ದಾರೆ. ಆದರೆ ಗುಂಪುಗಳು ಹೊಂದಿದರೂ ರಕ್ತ ಹೊಂದದಿರಲು ಇನ್ನೂ ಕಾರಣಗಳಿವೆ ಎಂಬುದು ಆಗ ಗೊತ್ತಿರಲಿಲ್ಲ. ಅವುಗಳಲ್ಲಿ ಮುಖ್ಯವಾದ ಆರ್‌ಎಚ್ ಅಂಶ ಬೆಳಕಿಗೆ ಬಂದದ್ದು 1940ರಲ್ಲಿ. ಬೊಗ್ದಾನೊವ್ ಹಲವು ಬಾರಿ ಬೇರೆಯವರ ರಕ್ತ ಪಡೆದಿದ್ದವನು. ಪ್ರತಿ ಸಲವೂ ಅಪಾಯ ಹೆಚ್ಚುತ್ತಲೇ ಹೋಗಿರುವ ಸಾಧ್ಯತೆ ಇದೆ.

ಮುಪ್ಪನ್ನು ಗೆಲ್ಲುವ ಕನಸು ಅಲ್ಲಿಗೆ ಮುಗಿಯಿತು. ಆದರೆ ಕನಸಿಗಾಗಿ ಕಟ್ಟಿದ ಸಂಸ್ಥೆ ಮುಗಿಯಲಿಲ್ಲ. ಅನಂತರ ಬಂದವರು ಯೌವನದ ಮಾತನ್ನು ಬದಿಗಿಟ್ಟು, ಗಾಯಾಳುಗಳಿಗೆ, ಬಾಣಂತಿಯರಿಗೆ, ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ರಕ್ತ ಒದಗಿಸುವ ಕೆಲಸ ಹಿಡಿದರು. 1930ರ ದಶಕದಲ್ಲಿ ಸೋವಿಯತ್ ದೇಶದುದ್ದಕ್ಕೂ ರಕ್ತ ಸಂಗ್ರಹ ಕೇಂದ್ರಗಳ ಜಾಲ ಹಬ್ಬಿತು. ರಕ್ತವನ್ನು ಕೂಡಿಡಬಹುದೆಂಬ ಈ ಅನುಭವ ಬೇರೆ ದೇಶಗಳ ಗಮನವನ್ನೂ ಸೆಳೆಯಿತು. 1937ರಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯ ಬರ್ನಾರ್ಡ್ ಫ್ಯಾಂಟಸ್ ಇಂಥ ಸಂಗ್ರಹಕ್ಕೆ ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟ. ಯಾರನ್ನೂ ಚಿರಂಜೀವಿಯಾಗಿಸದ ರಕ್ತ ಹೀಗೆ ಲಕ್ಷಾಂತರ ಜನರ ಅಕಾಲ ಮರಣವನ್ನು ತಪ್ಪಿಸಿತು. ಆಯುಸ್ಸನ್ನು ಹೆಚ್ಚಿಸಿದ್ದು ಅಮೃತವಲ್ಲ, ಹಂಚಿಕೆ.

ಆದರೆ ಹಂಚಿಕೆ ತಾನಾಗಿಯೇ ನ್ಯಾಯವಾಗಿ ನಡೆಯುವುದಿಲ್ಲ ಎಂಬುದಕ್ಕೆ ನಮ್ಮ ದೇಶವೇ ಸಾಕ್ಷಿ. ಹೊಟ್ಟೆಪಾಡಿಗಾಗಿ ಮತ್ತೆ ಮತ್ತೆ ರಕ್ತ ಮಾರುವ ಬಡವರು ಭಾರತದ ನಗರಗಳಲ್ಲಿ ದಶಕಗಳ ಕಾಲ ಇದ್ದರು. ಅವರ ಆರೋಗ್ಯವೂ ಕೆಡುತ್ತಿತ್ತು, ಪಡೆದವರಿಗೂ ಸೋಂಕಿನ ಭಯವಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಹಣ ಪಡೆದು ರಕ್ತ ಕೊಡುವ ಪದ್ಧತಿಯನ್ನು ನಿಷೇಧಿಸಲಾಯಿತು. ರಕ್ತ ದಾನವಾಗಬಹುದು, ಸರಕಾಗಬಾರದು ಎಂಬ ತತ್ತ್ವ ಕಾನೂನಿನ ಬಲ ಪಡೆಯಿತು.

ಬೊಗ್ದಾನೊವ್‌ನ ಜೊತೆಗೇ ಹೂಳಿಹೋಯಿತೆಂದುಕೊಂಡ ಕನಸು ಈ ಶತಮಾನದಲ್ಲಿ ಮತ್ತೆ ಎದ್ದಿದೆ. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮುದಿ ಇಲಿಯನ್ನೂ ಎಳೆ ಇಲಿಯನ್ನೂ ಹೊಲಿದು ಜೋಡಿಸಿ, ಒಂದೇ ರಕ್ತ ಎರಡರಲ್ಲೂ ಹರಿಯುವಂತೆ ಮಾಡಿದರು. ಮುದಿ ಇಲಿಯ ಸ್ನಾಯುಗಳು ಗಾಯದಿಂದ ಬೇಗ ಚೇತರಿಸಿಕೊಂಡವು. ಇಷ್ಟು ಸಾಕಾಯಿತು. 2016ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ‘ಅಂಬ್ರೋಸಿಯ’ ಎಂಬ ಕಂಪನಿ, ಎಳೆಯರ ಪ್ಲಾಸ್ಮಾವನ್ನು, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿದ ದ್ರವವನ್ನು, 8,000 ಡಾಲರ್ ಕೊಟ್ಟವರ ಮೈಗೆ ಏರಿಸತೊಡಗಿತು. 2019ರ ಫೆಬ್ರುವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದರಿಂದ ಪ್ರಯೋಜನ ಸಾಬೀತಾಗಿಲ್ಲ, ಅಪಾಯವಿದೆ ಎಂದು ಎಚ್ಚರಿಸಿದ ಮೇಲೆ ಆ ಚಿಕಿತ್ಸೆ ನಿಂತಿತು. 2023ರಲ್ಲಿ ಬ್ರಯಾನ್ ಜಾನ್ಸನ್ ಎಂಬ ಅಮೆರಿಕದ ಸಿರಿವಂತ ಉದ್ಯಮಿ, ಹರೆಯದ ತನ್ನ ಮಗನ ಪ್ಲಾಸ್ಮಾವನ್ನೇ ಪಡೆದುಕೊಂಡ. ತನ್ನದನ್ನು ವೃದ್ಧ ತಂದೆಗೆ ಕೊಟ್ಟ. ತನಗೆ ಯಾವ ಲಾಭವೂ ಕಾಣಲಿಲ್ಲವೆಂದು ಆತನೇ ಹೇಳಿ ಅದನ್ನು ಕೈಬಿಟ್ಟ.

ಈ ನಡುವೆ 2020ರಲ್ಲಿ ಬರ್ಕ್ಲಿಯ ಸಂಶೋಧಕರು ಇನ್ನೊಂದು ಪ್ರಯೋಗ ಮಾಡಿದ್ದರು. ಮುದಿ ಇಲಿಗೆ ಎಳೆ ರಕ್ತವನ್ನು ಕೊಡಲೇ ಇಲ್ಲ. ಅದರ ಪ್ಲಾಸ್ಮಾದ ಒಂದಷ್ಟು ಭಾಗವನ್ನು ತೆಗೆದು, ಬದಲಿಗೆ ಉಪ್ಪುನೀರು ಮತ್ತು ಆಲ್ಬುಮಿನ್ ಎಂಬ ಪ್ರೋಟೀನನ್ನು ತುಂಬಿದರು. ಆಗಲೂ ಹೆಚ್ಚುಕಡಿಮೆ ಅಂಥದೇ ಸುಧಾರಣೆ ಕಂಡಿತು. ಅಂದರೆ ಗುಟ್ಟು ಎಳೆ ರಕ್ತದ ಸತ್ವಕ್ಕಿಂತ ಹೆಚ್ಚಾಗಿ, ಹಳೆಯ ರಕ್ತದಲ್ಲಿ ಕೂಡಿಕೊಂಡದ್ದು ತಿಳಿಯಾಗುವುದರಲ್ಲಿ ಇರಬಹುದು. ಇಲಿಯಲ್ಲಿ ನಿಜವಾದದ್ದು ಮನುಷ್ಯನಲ್ಲೂ ನಿಜವಾಗುತ್ತದೆಯೇ ಎಂಬುದನ್ನು ಕಾಲವೇ ಹೇಳಬೇಕು. ನಿಜವಾದರೆ, ಮುಪ್ಪಿನ ಚಿಕಿತ್ಸೆಗೆ ಯಾರ ಮಗನೂ ತೋಳು ಚಾಚಬೇಕಾಗಿಲ್ಲ.

ಆಯುಸ್ಸನ್ನು ಹಿಗ್ಗಿಸುವ ಆಸೆ ತಪ್ಪೇನಲ್ಲ. ಸಿಡುಬಿನ ಲಸಿಕೆಯಿಂದ ಹೃದಯಕ್ಕೆ ಜೋಡಿಸುವ ಪೇಸ್‌ಮೇಕರ್‌ವರೆಗೆ ಎಲ್ಲವೂ ಅದೇ ಆಸೆಯ ಫಲಗಳು. ಬೊಗ್ದಾನೊವ್‌ನ ವಿಜ್ಞಾನ ತಪ್ಪಾಗಿತ್ತು. ಆದರೆ ತಾನು ಪಡೆಯುವಷ್ಟನ್ನೇ ಕೊಡಬೇಕೆಂಬ ಆತನ ಲೆಕ್ಕ ತಪ್ಪಾಗಿರಲಿಲ್ಲ. ಇಂದಿನ ಉತ್ತರಾಧಿಕಾರಿಗಳ ಬಳಿ ಉತ್ತಮ ವಿಜ್ಞಾನವಿದೆ, ಆ ಲೆಕ್ಕ ಮಾತ್ರ ಕಳೆದುಹೋದಂತಿದೆ. ಆದ್ದರಿಂದ ಅಮರತ್ವದ ಹೊಸ ಉಪಾಯವೊಂದು ಸುದ್ದಿಯಾದಾಗಲೆಲ್ಲ ಅದು ಫಲಿಸುತ್ತದೆಯೇ ಎಂದು ವಿಜ್ಞಾನಿಗಳು ಪರೀಕ್ಷಿಸಲಿ. ಅದರಲ್ಲಿ ಪೂರುವಿನ ಪಾತ್ರ ಯಾರದು ಎಂದು ನಾವು ಕೇಳೋಣ.